ಜನವರಿ ಚಳಿಯಲ್ಲಿ ದೋಣಿಯ ತಳಕ್ಕೆ ಎಪಾಕ್ಸಿ

ಮೂಡಿಗೆರೆ ಕಡೆ ನಮ್ಮ ತೋಟದ ಕೆರೆಯಲ್ಲಿ ಒಂದು ಪುಟ್ಟ ದೋಣಿ ಇದೆ. ಹತ್ತಡಿ ಉದ್ದ. ಪ್ಲೈವುಡ್ಡಿನದು, ಮೇಲೆ ಗಾಜಿನ ನಾರಿನ ಗ್ಲಾಸ್ ಬಟ್ಟೆ ಮತ್ತು ಎಪಾಕ್ಸಿ, ಅಂದರೆ ರೆಸಿನ್, ಹಾರ್ಡನರ್ ಎರಡನ್ನೂ ಬೆರೆಸಿದರೆ ಗಟ್ಟಿಯಾಗುವ ಅಂಟು. ಫೆಬ್ರವರಿಯಲ್ಲಿ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಶುರುವಾದರೆ ಪಂಪ್ ನೀರೆಳೆಯುವ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವಿಗೆ ಕಸ ಕಟ್ಟಿಕೊಳ್ಳುತ್ತದೆ. ಅದನ್ನು ಬಿಡಿಸಲು ದೋಣಿ ಬೇಕೇ ಬೇಕು. ತಳದಲ್ಲಿ ಗೇಣುದ್ದ ಸೀಳು ಬಿಟ್ಟಿತ್ತು. ರಿಪೇರಿಗೆ ಬಿಡುವು ಸಿಕ್ಕಿದ್ದು ಜನವರಿಯಲ್ಲಿ.

ಬೆಳಿಗ್ಗೆ ಶೆಡ್ಡಿನಲ್ಲಿ 13 ಡಿಗ್ರಿ. ಡಬ್ಬ ಬಗ್ಗಿಸಿದರೆ ರೆಸಿನ್ ಇಳಿಯುತ್ತಲೇ ಇರಲಿಲ್ಲ. "ಚಳಿ ಅಲ್ವಾ ಸಾರ್, ಹಾರ್ಡನರ್ ಸ್ವಲ್ಪ ಜಾಸ್ತಿ ಹಾಕಿ" ಅಂತ ಅಂಗಡಿಯವರು ಹೇಳಿದ್ದರು. ಹಾಗೇ ಮಾಡಿದೆ. ನಾಲ್ಕು ದಿನವಾದರೂ ಉಗುರು ಊರಿದರೆ ಗುರುತು ಬೀಳುತ್ತಿತ್ತು. ಅಷ್ಟನ್ನೂ ಕೆರೆದು ತೆಗೆದೆ. ಆ ಮಾತು ಪಾಲಿಯೆಸ್ಟರ್ ರೆಸಿನ್ನಿಗೆ ಸರಿ, ಅಲ್ಲಿ ಶೇ. 1ರಿಂದ 2ರೊಳಗೆ ಹೆಚ್ಚುಕಮ್ಮಿ ಮಾಡಬಹುದು. ಎಪಾಕ್ಸಿಯಲ್ಲಿ ಅಳತೆ ಅಂದರೆ ಅಳತೆ. ಜಾಸ್ತಿ ಬಿದ್ದ ಹಾರ್ಡನರ್ ರೆಸಿನ್ನಿನ ಜೊತೆ ಕೂಡದೆ ಒಳಗೇ ಉಳಿದು ಮೆತ್ತಗೆ ಮಾಡುತ್ತದೆ.

ಎರಡನೇ ಸಲ ರೆಸಿನ್ ಡಬ್ಬವನ್ನು ಬಚ್ಚಲ ಹಂಡೆಯ ಬಿಸಿನೀರು ತುಂಬಿದ ಬಕೆಟ್ಟಿನಲ್ಲಿ ಇಟ್ಟೆ, ಮುಚ್ಚಳ ಬಿಗಿ ಮಾಡಿ. ಅರ್ಧ ಗಂಟೆಗೆ ಎಣ್ಣೆ ತರ ಇಳಿಯಿತು. ದೋಣಿಯನ್ನು ಕಾಫಿ ಕಣದ ಅಂಚಿನಲ್ಲಿ ಬೋರಲು ಹಾಕಿ ಹನ್ನೆರಡರವರೆಗೆ ಬಿಸಿಲು ಕಾಯಿಸಿದೆವು. ಆಮೇಲೆ ಶೆಡ್ಡಿಗೆ ತಂದು ಹಚ್ಚಿದೆ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಮರ ಬಿಸಿಯೇರುವಾಗ ಹಚ್ಚಿದರೆ ಒಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ. ಆರುವಾಗ ಹಚ್ಚಿದರೆ ಮರವೇ ಅಂಟನ್ನು ಒಳಗೆಳೆದುಕೊಳ್ಳುತ್ತದೆ.

ರಾತ್ರಿ ಕಾವು ಹೇಗೆ? ಹತ್ತು ಡಿಗ್ರಿ ಇಳಿದರೆ ಗಟ್ಟಿಯಾಗಲು ಹೆಚ್ಚುಕಡಿಮೆ ದುಪ್ಪಟ್ಟು ಹೊತ್ತು ಬೇಕು. "ಪಕ್ಕದಲ್ಲಿ ಅಗ್ಗಿಷ್ಟಿಕೆ ಇಡೋಣ ಮಗಾ" ಅಂದರು ಚಿಕ್ಕಪ್ಪ. "ಬೇಡ ಚಿಕ್ಕಪ್ಪ, ಅದರ ಗಾಳಿ ಎಪಾಕ್ಸಿಗೆ ಆಗಲ್ಲ" ಅಂದೆ. ಕೆಂಡದಿಂದ ಬರುವ ಕಾರ್ಬನ್ ಡೈಆಕ್ಸೈಡ್ ಗಾಳಿಯ ತೇವದ ಜೊತೆ ಸೇರಿ ಹಾರ್ಡನರನ್ನು ಕೆಡಿಸುತ್ತದೆ. ಟಾರ್ಪಾಲ್ ಗುಡಾರ ಕಟ್ಟಿ, ಟಾರ್ಪಾಲಿಗೆ ತಾಗದ ಹಾಗೆ ಹಳೇ ಕಾಲದ 100 ವ್ಯಾಟಿನ ಎರಡು ಬಲ್ಬು ನೇತುಹಾಕಿದೆವು. ಎಲ್‌ಇಡಿಯಲ್ಲಿ ಅಷ್ಟು ಕಾವು ಬರಲ್ಲ.

ಬೆಳಿಗ್ಗೆ ಗಟ್ಟಿಯಾಗಿತ್ತು. ಆದರೆ ಅಂಚಿನಲ್ಲಿ ಬೆರಳಾಡಿಸಿದರೆ ನುಣ್ಣಗೆ ಜಾರುತ್ತಿತ್ತು, ಮೇಣದಬತ್ತಿ ಮುಟ್ಟಿದ ಹಾಗೆ. ಬೆರಳ ದಾರಿ ಮಸುಕಾಗಿ ಕಾಣುತ್ತಿತ್ತು. ಚಳಿ, ತೇವ ಇದ್ದಾಗ ಮೇಲೆ ಕಟ್ಟುವ ಪೊರೆ ಅದು. ಇದರ ಮೇಲೆ ಬಣ್ಣ ಹಿಡಿಯಲ್ಲ. ಸ್ಯಾಂಡ್‌ಪೇಪರ್ ಹಾಕಿದರೆ ಸುಮ್ನೆ ಎಲ್ಲ ಕಡೆ ಸವರಿದ ಹಾಗಾಗುತ್ತದೆ. ಮೊದಲು ಬರೀ ನೀರು, ಪಾತ್ರೆ ತಿಕ್ಕುವ ಸ್ಕ್ರಬ್ಬರ್. ತಿಕ್ಕಿ, ಒರೆಸಿ, ಒಣಗಿದ ಮೇಲೆ ಸ್ಯಾಂಡ್‌ಪೇಪರ್.

ಎಪಾಕ್ಸಿಗೆ ಬಿಸಿಲು ಆಗಲ್ಲ, ಅದಕ್ಕೇ ಮೇಲೆ ಬಣ್ಣ. ಎರಡು ಗಂಟೆಗೆಲ್ಲ ಬಣ್ಣ ಮುಗಿಸಿದೆ. ಸಂಜೆ ಇಬ್ಬನಿಗೆ ಹೆದರಿ ಕಾಫಿ ರಾಶಿ ಮಾಡಿ ಟಾರ್ಪಾಲ್ ಹೊದಿಸುತ್ತೇವಲ್ಲ, ಅದೇ ಇಬ್ಬನಿ ಹಸಿ ಬಣ್ಣದ ಮೇಲೆ ಕೂತರೆ ಹೊಳಪೆಲ್ಲ ಹೋಗುತ್ತದೆ.

ಆಮೇಲೂ ಹತ್ತು ದಿನ ಬಿಟ್ಟು ಕೆರೆಗೆ ಇಳಿಸಿದೆವು. ಚಿಕ್ಕಪ್ಪ ಹುಟ್ಟು ಹಾಕಿದರು, ನಾನು ಫುಟ್‌ವಾಲ್ವ್ ಎತ್ತಿ ಕಸ ಬಿಡಿಸಿದೆ. ದಡಕ್ಕೆ ಬಂದು ತಳ ಮುಟ್ಟಿ ನೋಡಿದೆ. ಒಣಗಿತ್ತು.