ನಿಮಗ ಯಾವದು ಬೇಕ್ರಿ?

ಎಂ.ಎ. ಎರಡನೇ ವರ್ಷದ ಪ್ರಾಜೆಕ್ಟಿಗೆ ಅಂತ ಧಾರವಾಡದಿಂದ ಬ್ಯಾಡಗಿಗೆ ಹೋಗಿದ್ದೆ. ಮೆಣಸಿನಕಾಯಿ ಸುಗ್ಗಿ. ಒಂದು ಅಂಗಳದಲ್ಲಿ ಹತ್ತು ಹನ್ನೆರಡು ಹೆಣ್ಣುಮಕ್ಕಳು ಕೆಂಪು ರಾಶಿಯ ಸುತ್ತ ಕೂತು ತೊಟ್ಟು ಮುರಿಯುತ್ತಿದ್ದರು. ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಫೈಲು ಹಿಡಿದು ನಾನು ಹೋಗಿ ನಿಂತೆ. ಯಾರೋ ಓಡಿಹೋಗಿ ಪ್ಲಾಸ್ಟಿಕ್ ಕುರ್ಚಿ ತಂದರು. ನಾನು ಮೇಲೆ, ಅವರು ಕೆಳಗೆ.

ಇಪ್ಪತ್ತು ಪ್ರಶ್ನೆ. ಒಂದೊಂದಕ್ಕೂ ‘ಪೂರ್ತಿ ಒಪ್ಪುತ್ತೇನೆ’ ಅನ್ನೋದರಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ ಅನ್ನೋವರೆಗೆ ಐದು ಉತ್ತರ. ಏಳನೆಯದು, ‘ಮನೆಯ ತೀರ್ಮಾನಗಳಲ್ಲಿ ನನ್ನ ಮಾತಿಗೆ ಬೆಲೆ ಇದೆ’. ಅರವತ್ತರ ಆಸುಪಾಸಿನ ಒಬ್ಬ ತಾಯಿ ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

“ಅಕ್ಕಾರ, ಹೌದು ಅನ್ಲೋ, ಇಲ್ಲ ಅನ್ಲೋ? ನಿಮಗ ಯಾವದು ಬೇಕ್ರಿ?”

“ನಿಮಗ ಅನಿಸಿದ್ದು ಹೇಳ್ರಿ,” ಅಂದೆ.

“ಹೌದು ಅಂತನ ಬರಕೋರಿ.”

‘ಪೂರ್ತಿ ಒಪ್ಪುತ್ತೇನೆ’ಗೆ ಟಿಕ್ ಹಾಕಿದೆ. ಉಳಿದವರೂ ಅದನ್ನೇ ಹೇಳಿದರು.

ಆ ರಾತ್ರಿ ಹಾವೇರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಮಲಗಿದಾಗ ಮನೋವಿಜ್ಞಾನಿ ಮಾರ್ಟಿನ್ ಆರ್ನ್ 1962ರಲ್ಲಿ ಬರೆದ ಲೇಖನ ನೆನಪಾಯಿತು. ಪರಿಚಯದವರಿಗೆ ‘ನನಗೋಸ್ಕರ ಐದು ದಂಡ ಹೊಡೀತೀರಾ’ ಅಂದರೆ ‘ಯಾಕೆ?’ ಅಂತಾರೆ. ‘ಒಂದು ಪ್ರಯೋಗ ಇದೆ, ಬರ್ತೀರಾ’ ಅಂತ ಮೊದಲು ಒಪ್ಪಿಸಿ, ಆಮೇಲೆ ಅದೇ ದಂಡ ಹೊಡೆಯೋಕೆ ಹೇಳಿದರೆ ‘ಎಲ್ಲಿ?’ ಅಂತಾರೆ. ಆರ್ನ್ ಇನ್ನೊಂದು ಕೆಲಸವನ್ನೂ ಮಾಡಿದರು. ಕೂಡುವ ಲೆಕ್ಕಗಳಿದ್ದ ಎರಡು ಸಾವಿರ ಹಾಳೆಯ ಕಂತೆ ಕೊಟ್ಟು ಕೂರಿಸಿದರು. ಐದೂವರೆ ತಾಸಾದರೂ ಜನ ಏಳಲಿಲ್ಲ. ಕೊನೆಗೆ ಸಾಕು ಅಂದದ್ದು ಪ್ರಯೋಗ ಮಾಡುವವರೇ. ಆಮೇಲೆ, ಲೆಕ್ಕ ಮುಗಿಸಿದ ಪ್ರತಿ ಹಾಳೆಯನ್ನೂ ಕಡಿಮೆ ಅಂದರೂ 32 ಚೂರು ಮಾಡಿ ಹರಿದು ಮುಂದಿನದನ್ನು ಎತ್ತಿಕೊಳ್ಳಿ ಅಂದರು. ಅದನ್ನೂ ಮಾಡಿದರು.

ಪ್ರಯೋಗಕ್ಕೆ ಕೂತವನದೂ ಒಂದು ಪಾತ್ರ. ಅದರಲ್ಲಿ ಕೂತವರು ಕೇಳಿದವರಿಗೆ ನೆರವಾಗೋಕೆ ನೋಡ್ತಾರೆ.

ಪಾತ್ರದ ಮಾತು ಬಂದರೆ ಕ್ಲಾಸಿನಲ್ಲಿ ಎಲ್ಲರೂ 1971ರ ಸ್ಟ್ಯಾನ್‌ಫರ್ಡ್ ಜೈಲಿನ ಪ್ರಯೋಗ ಹೇಳ್ತಾರೆ. ಮನೋವಿಜ್ಞಾನಿ ಫಿಲಿಪ್ ಜಿಂಬಾರ್ಡೊ ದಿನಕ್ಕೆ 15 ಡಾಲರ್ ಕೊಟ್ಟು ಕಾಲೇಜು ಹುಡುಗರನ್ನು ಒಂದು ನಕಲಿ ಜೈಲಿಗೆ ಸೇರಿಸಿದರು. ಕಾವಲುಗಾರರಾದವರಿಗೆ ಖಾಕಿ ಮತ್ತು ಕನ್ನಡಿಯಂತೆ ಹೊಳೆಯುವ ಕನ್ನಡಕ, ಕೈದಿಗಳಾದವರಿಗೆ ನಂಬರ್ ಇದ್ದ ನಿಲುವಂಗಿ. ಕಾವಲುಗಾರರು ಕೈದಿಗಳನ್ನು ಹಿಂಸಿಸತೊಡಗಿ, ಎರಡು ವಾರದ ಪ್ರಯೋಗ ಆರೇ ದಿನಕ್ಕೆ ನಿಂತಿತು. ಖಾಕಿ ಹಾಕಿದರೆ ಯಾರಾದರೂ ಕ್ರೂರಿ ಆಗ್ತಾರೆ ಅಂತ ನಾನೂ ಪರೀಕ್ಷೆಯಲ್ಲಿ ಬರೆದಿದ್ದೆ. ಈಗ ಹಾಗೆ ಬರೆಯೋಕೆ ಮನಸ್ಸು ಒಪ್ಪಲ್ಲ. ಆ ಜೈಲಿನ ಸೂಪರಿಂಟೆಂಡೆಂಟ್ ಸ್ವತಃ ಜಿಂಬಾರ್ಡೊ. ಮೆತ್ತಗಿದ್ದ ಒಬ್ಬ ಕಾವಲುಗಾರನಿಗೆ ಜಿಂಬಾರ್ಡೊ ಕಡೆಯ ವಾರ್ಡನ್ ‘ಬಿಗಿಯಾಗಿರು’ ಅಂತ ಒತ್ತಾಯ ಮಾಡಿದ್ದು ಟೇಪಿನಲ್ಲಿದೆ. ಎಲ್ಲರಿಗಿಂತ ಕಠೋರ ಅನಿಸಿಕೊಂಡ ಕಾವಲುಗಾರ ಡೇವ್ ಎಶೆಲ್ಮನ್, ಸಂಶೋಧಕರಿಗೆ ಏನಾದರೂ ಸಿಗಲಿ ಅಂತ ಬೇಕಂತಲೇ ಆ ವೇಷ ಹಾಕಿದೆ ಅಂತ ಆಮೇಲೆ ಹೇಳಿದರು. ನಿಮಗೆ ಯಾವುದು ಬೇಕು? ಆ ಹುಡುಗನ ಮನಸ್ಸಿನಲ್ಲೂ ಇದ್ದದ್ದು ಇದೇ ಪ್ರಶ್ನೆ, ಅಲ್ವಾ? ಹಸ್ಲಮ್ ಮತ್ತು ರೈಕರ್ ಎಂಬ ಮನೋವಿಜ್ಞಾನಿಗಳು ಮುಂದೆ ಬಿಬಿಸಿ ಜೊತೆ ಇಂಥದ್ದೇ ಜೈಲು ಕಟ್ಟಿದಾಗ ಕಾವಲುಗಾರರು ಆ ಪಾತ್ರಕ್ಕೆ ಒಗ್ಗಲೇ ಇಲ್ಲ.

ಮರುದಿನ ಫೈಲನ್ನು ಚೀಲದಲ್ಲಿ ಹಾಕಿ, ಐಡಿ ಕಾರ್ಡ್ ತೆಗೆದು, ಗೋಣಿಚೀಲದ ಮೇಲೆ ಅವರ ಪಕ್ಕ ಕೂತೆ. ಆ ತಾಯಿ ತೊಟ್ಟು ಮುರಿಯೋದು ಕಲಿಸಿಕೊಟ್ಟರು. ಹೆಬ್ಬೆರಳಿನಿಂದ ಸ್ವಲ್ಪ ಒತ್ತಿ ತಿರುವಬೇಕು, ಇಲ್ಲಾಂದರೆ ಕಾಯಿ ಒಡೆದು ಬೀಜ ಚೆಲ್ಲುತ್ತೆ. ಅರ್ಧ ತಾಸಿನಲ್ಲಿ ನನ್ನ ಬೆರಳು ಉರಿಯೋಕೆ ಶುರುವಾಯಿತು. “ಕಣ್ಣಿಗೆ ಕೈ ಹಚ್ಚಬ್ಯಾಡವಾ,” ಅಂದರು. ನಿನ್ನೆಯ ‘ಅಕ್ಕಾರ’ ಹೋಗಿತ್ತು.

ಮಾತು ಎಮ್ಮೆಗೆ ಬಂತು. ಮಗ ಮಾರಿಬಿಟ್ಟಿದ್ದನಂತೆ. “ನನ್ನ ಒಂದು ಮಾತು ಕೇಳಿದ್ರ ಎಮ್ಮಿ ಯಾಕ ಹೋಗತಿತ್ತು? ಕರಾ ಹಾಕೂದಿತ್ತು ಮುಂದಿನ ತಿಂಗಳು.”

ಏಳನೇ ಪ್ರಶ್ನೆಗೆ ಅವರ ಉತ್ತರ ಇದು. ಇದನ್ನ ಬರೀಲೇನ್ರಿ ಅಂತ ಕೇಳಿದೆ. ಅವರ ಕೈ ಒಂದು ಗಳಿಗೆ ನಿಂತಿತು.

“ಬರಕೋ. ಹೆಸರು ಹಾಕಬ್ಯಾಡ.”

ನಿನ್ನೆಯ ಟಿಕ್ ಮತ್ತು ಇವತ್ತಿನ ಎಮ್ಮೆ, ಎರಡನ್ನೂ ರಿಪೋರ್ಟಿನಲ್ಲಿ ಪಕ್ಕಪಕ್ಕ ಇಟ್ಟೆ. ಕುರ್ಚಿಯ ವಿಷಯವನ್ನೂ ಬರೆದೆ.