ಹಳೆ ಗೋವಾದಲ್ಲಿ ವೈಸರಾಯ್‌ಗಳ ಜಾಡು ಹಿಡಿದು

ಹಳೆ ಗೋವಾಕ್ಕೆ ಶುಕ್ರವಾರ ಹೋಗಬೇಡಿ, ಅಂದು ವಸ್ತುಸಂಗ್ರಹಾಲಯಕ್ಕೆ ರಜೆ. ಅದನ್ನು ಮೊದಲೇ ವಿಚಾರಿಸದ ನಾನು ಮರುದಿನ ಪಣಜಿಯಿಂದ ಮತ್ತೆ ಬಸ್ಸು ಹತ್ತಬೇಕಾಯಿತು. ಕಾರವಾರದ ಕಡೆಯಿಂದ ರೈಲಿನಲ್ಲಿ ಬರುವವರಿಗೆ ಕರ್ಮಳಿ ನಿಲ್ದಾಣ ಹತ್ತಿರ.

ಚರ್ಚುಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಮಾಂಡವಿ ದಂಡೆಗೆ ಇಳಿಯಿರಿ. ದಿವಾರ್ ದ್ವೀಪದ ಫೆರಿ ನಿಲ್ಲುವ ಕಡೆಯಿಂದ ಬರುವ ರಸ್ತೆ ವೈಸರಾಯ್ ಕಮಾನಿನ ಕೆಳಗೇ ಹಾಯುತ್ತದೆ. 1599ರಲ್ಲಿ ಇದನ್ನು ಕಟ್ಟಿಸಿದ, ಪೋರ್ಚುಗಲ್ ಅರಸನ ಪರವಾಗಿ ಇಲ್ಲಿ ಆಳುತ್ತಿದ್ದ ವೈಸರಾಯ್ ಫ್ರಾನ್ಸಿಸ್ಕೋ ದ ಗಾಮ, ನದಿಯ ಕಡೆಗೆ ಮುತ್ತಜ್ಜ ವಾಸ್ಕೋನ ಮೂರ್ತಿ ಇರಿಸಿದ. ಈಗ ಕಾಣುವುದು 1954ರಲ್ಲಿ ಮತ್ತೆ ಕಟ್ಟಿದ್ದು.

ಲಿಸ್ಬನ್ನಿನ ಪೋರ್ಚುಗೀಸ್ ಅರಸರು ಈ ಊರನ್ನು ಕಣ್ಣಾರೆ ಕಂಡವರಲ್ಲ. ಅವರ ಆಡಳಿತವೆಲ್ಲ ಗಾಳಿ ಮತ್ತು ಕಾಗದದ ಮೇಲೆ. ಮಾರ್ಚ್-ಏಪ್ರಿಲ್‌ನಲ್ಲಿ ಅಲ್ಲಿಂದ ಹೊರಟ ಹಡಗು ಸೆಪ್ಟೆಂಬರ್ ಹೊತ್ತಿಗೆ ಇಲ್ಲಿಗೆ ಬರುತ್ತಿತ್ತು, ಹಿಂದಿರುಗಲು ಡಿಸೆಂಬರ್-ಜನವರಿಯ ಗಾಳಿಗೆ ಕಾಯಬೇಕಿತ್ತು. ಗೋವಾದಿಂದ ಒಂದು ಮಾತು ಕೇಳಿ ಬರೆದರೆ ಉತ್ತರಕ್ಕೆ ಒಂದೂವರೆ ವರ್ಷಕ್ಕೂ ಹೆಚ್ಚು! ನಡುವೆ ಆಳುವವನೇ ಸತ್ತರೆ? ಅದಕ್ಕೆಂದೇ ಮುಂದಿನವರ ಹೆಸರು ಬರೆದು ಮೊಹರು ಹಾಕಿದ ಲಕೋಟೆಗಳನ್ನು ಅರಸ ಮೊದಲೇ ಕಳುಹಿಸಿರುತ್ತಿದ್ದ. 1526ರಲ್ಲಿ ಗವರ್ನರ್ ಸತ್ತಾಗ ಲಕೋಟೆ ಒಡೆದರೆ ಪೇರೋ ಮಸ್ಕರೇನ್ಯಸ್‌ನ ಹೆಸರು. ಆತನೋ ದೂರದ ಮಲಕ್ಕಾದಲ್ಲಿ. ಇನ್ನೊಂದನ್ನು ಒಡೆದು ಲೋಪೋ ವಾಸ್ ದ ಸಂಪಾಯೋನನ್ನು ಕೂರಿಸಿದರು. ಮಸ್ಕರೇನ್ಯಸ್ ಬಂದು ಹಕ್ಕು ಕೇಳಿದಾಗ ಸಿಕ್ಕಿದ್ದು ಸೆರೆಮನೆ.

ಈ ಕಥೆ ತಲೆಯಲ್ಲಿಟ್ಟುಕೊಂಡು ವಸ್ತುಸಂಗ್ರಹಾಲಯದ ವೈಸರಾಯ್ ಚಿತ್ರಗಳ ಮುಂದೆ ನಿಲ್ಲಿ. 1547ರಲ್ಲಿ ಜುವಾವ್ ದ ಕ್ಯಾಸ್ಟ್ರೋ ಶುರು ಮಾಡಿದ ಸಾಲು ಇದು. ಆಮೇಲಿನವರು ಬಣ್ಣದ ಮೇಲೆ ಬಣ್ಣ ಬಳಿದಿದ್ದರಿಂದ ಎಷ್ಟೋ ಗಡ್ಡಗಳು ಒಂದೇ ಥರ ಕಂಡವು. ಸಾಮಾನ್ಯವಾಗಿ ಮೂರು ವರ್ಷಕ್ಕೊಬ್ಬರು ಬದಲಾಗುತ್ತಿದ್ದವರಿಗೆ ಗೋಡೆಯಲ್ಲಾದರೂ ಕಾಯಂ ಜಾಗ ಸಿಕ್ಕಿದೆ.

ಸೇಂಟ್ ಕಜೇಟನ್ ಚರ್ಚಿನ ಬಳಿ ಒಂಟಿಯಾಗಿ ನಿಂತಿರುವ ಕಲ್ಲಿನ ಬಾಗಿಲನ್ನು ಹೆಚ್ಚಿನವರು ನೋಡದೇ ದಾಟುತ್ತಾರೆ. ಅದು ನಮ್ಮ ವಿಜಯಪುರದ ಆದಿಲ್‌ ಶಾಹಿಗಳ ಅರಮನೆಯದು. 1510ರಲ್ಲಿ ಹೊನ್ನಾವರದ ನೌಕಾ ನಾಯಕ ತಿಮ್ಮಯ್ಯನ ನೆರವಿನಿಂದ ಊರು ಗೆದ್ದ ಪೋರ್ಚುಗೀಸರು ಮುಂದೆ ಅದೇ ಅರಮನೆಯಲ್ಲಿ ತಮ್ಮ ವೈಸರಾಯ್‌ಗಳನ್ನು ಇರಿಸಿದರು. ಕೆತ್ತನೆಯನ್ನು ಹತ್ತಿರದಿಂದ ನೋಡಿ. ಮರದ ನೆರಳು ಕಡಿಮೆ, ಕೊಡೆ ಇರಲಿ.

ಸಂಜೆಗೆ ಫೆರಿ ಹತ್ತಿ ದಿವಾರ್‌ಗೆ ಹೋಗಿ, ಅದೇ ದೋಣಿಯಲ್ಲಿ ಹಿಂದಿರುಗಿ. ಬರುವಾಗ ಮುಂಭಾಗದಲ್ಲೇ ನಿಲ್ಲಿ, ಆರು ತಿಂಗಳು ಕಡಲಲ್ಲಿ ಕಳೆದು ಬಂದವನಿಗೆ ಆ ಕಮಾನು ಎದುರಾಗುತ್ತಿದ್ದ ದಿಕ್ಕು ಅದೇ.