ಅಪ್ಪನ ಮೂರು ಬೆರಳು

ಭಾನುವಾರ ಅಣ್ಣನ ಮಗಳ ಬರ್ತ್‌ಡೇ ಅಂತ ನಂದಿ ಬೆಟ್ಟದ ರೋಡಲ್ಲಿರೋ ಒಂದು ರೆಸಾರ್ಟಿಗೆ ಊಟಕ್ಕೆ ಹೋಗಿದ್ವಿ. ಜಾಗ ಅತ್ತಿಗೆ ಸೆಲೆಕ್ಟ್ ಮಾಡಿದ್ದು. ಅತ್ತಿಗೆ ಒಳ್ಳೆಯವರೇ ಪಾಪ, ಆದ್ರೆ ಟೇಬಲ್ಲಿಗೆ ತಟ್ಟೆ ಬಂದ್ರೆ ಫೋಟೋ ಮುಗಿಯೋವರೆಗೂ ಯಾರೂ ಕೈ ಇಡೋ ಹಾಗಿಲ್ಲ. ಅಪ್ಪ ಇಂಥ ಕಡೆ ಬರೋರೇ ಅಲ್ಲ, ಹುಳ ಮೂರನೇ ಜ್ವರಕ್ಕೆ ಕೂತಿತ್ತು, ಸೊಪ್ಪು ಹಾಕೋ ಕೆಲಸ ಇಲ್ಲ ಅಂತ ಬಂದ್ರು. (ರೇಷ್ಮೆಹುಳ ಪೊರೆ ಬಿಡೋದಕ್ಕೆ ನಮ್ ಕಡೆ ಜ್ವರ ಅಂತಾರೆ, ಆ ಹೊತ್ತಲ್ಲಿ ಅದು ತಿನ್ನಲ್ಲ, ತಲೆ ಎತ್ಕೊಂಡು ಸುಮ್ನೆ ಕೂತಿರತ್ತೆ. ರೇಷ್ಮೆ ಬೆಳೆಯೋ ಮನೆಯವರಿಗೆ ರಜಾ ಅಂದ್ರೆ ಅದೇ.)

ಒಳಗೆ ಹೋದ್ರೆ ಎದುರಿನ ಗೋಡೆ ಮೇಲೆ ಒಂದು ಚಂದ್ರಂಕಿ ನೇತಾಕವ್ರೆ. ಬುಕ್ಕಲ್ಲಿ ಚಂದ್ರಿಕೆ ಅಂತ ಬರೀತಾರೆ, ನಮ್ಮೂರಲ್ಲಿ ಚಂದ್ರಂಕಿ. ಆರಡಿ ಉದ್ದ ನಾಲ್ಕಡಿ ಅಗಲದ ಬಿದಿರು ಚಾಪೆ, ಅದರ ಮೇಲೆ ದಬ್ಬೆನ ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿರ್ತಾರೆ, ಹಣ್ಣಾದ, ಅಂದ್ರೆ ಗೂಡು ಕಟ್ಟೋಕೆ ರೆಡಿಯಾದ ಹುಳ ಆರಿಸಿ ಅದಕ್ಕೆ ಬಿಟ್ರೆ ಆ ಸಂದಿಗಳಲ್ಲಿ ಎರಡು ಮೂರು ದಿನಕ್ಕೆ ಗೂಡು ಕಟ್ಟಿ ಮುಗಿಸ್ತಾವೆ. ಇಲ್ಲಿ ಆ ಸಂದಿಗಳಲ್ಲಿ ಗೂಡಿನ ಬದಲು ಹಳದಿ ಸೀರಿಯಲ್ ಲೈಟು. ಕೆಳಗೆ ನಿಂತು ಇಬ್ಬರು ಹುಡುಗೀರು ಸೆಲ್ಫಿ ತಗೋತಾ ಇದ್ರು.

ನಾನು ಅಪ್ಪನ ಮುಖ ನೋಡ್ದೆ. ಅಪ್ಪ ಅಲ್ಲಿದ್ದ ಮ್ಯಾನೇಜರ್ ಹುಡುಗನ್ನ ಕರೆದು "ಇದೇನಪ್ಪಾ ಇದು?" ಅಂದ್ರು. ಗೊತ್ತಿದ್ದೂ ಕೇಳೋದು ಅವರ ಹಳೇ ಚಾಳಿ.

"ಟ್ರೈಬಲ್ ವಾಲ್ ಆರ್ಟ್ ಅಂಕಲ್, ಮಂಡಲ ಪ್ಯಾಟರ್ನ್."

"ಮಂಡಲ ಅಂದ್ರೆ ನಲವತ್ತೆಂಟು ದಿನ ಅಲ್ವೇನಪ್ಪ? ನಮ್ ಬೆಳೆ ಇಪ್ಪತ್ತೈದು ದಿನಕ್ಕೇ ಮುಗಿದೋಯ್ತದೆ."

ಹುಡುಗನಿಗೆ ಅರ್ಥ ಆಗ್ಲಿಲ್ಲ, ಆದ್ರೂ ನಕ್ಕ. ಅಣ್ಣನಿಗೆ ಮುಜುಗರ, "ಬಾಪ್ಪಾ ಕೂತ್ಕೋ" ಅಂತ ಕೈ ಹಿಡಿದ. ಅಪ್ಪ ಕೈ ಬಿಡಿಸ್ಕೊಂಡು ಗೋಡೆ ಹತ್ರ ಹೋಗಿ ಮೂಗು ತಗುಲೋ ಹಾಗೆ ನಿಂತು ಚಂದ್ರಂಕಿನ ಮೂಸಿದ್ರು. ಆಮೇಲೆ ನಡುವಿನ ಮೂರು ಬೆರಳು ಜೋಡಿಸಿ ಸುರುಳಿ ಸಂದಿಗೆ ಇಟ್ರು. ಒಂದು ಕಡೆ ಇಟ್ರು, ತೆಗೆದ್ರು, ಇನ್ನೊಂದು ಕಡೆ ಇಟ್ರು. ಬೆರಳಿನ ಪಕ್ಕ ಇನ್ನೂ ಜಾಗ ಉಳೀತಿತ್ತು.

"ಇದ್ರಲ್ಲಿ ಹುಳ ಬಿಟ್ಟೇ ಇಲ್ಲ ಕಣಮ್ಮ. ಹೊಸದು. ಬಿಡಕ್ಕೂ ಆಗಲ್ಲ, ಇಷ್ಟು ಸಂದಿ ಇದ್ರೆ ಎರಡೆರಡು ಸೇರ್ಕೊಂಡು ಡಬಲ್ ಗೂಡು ಕಟ್ತವೆ."

ವಾರ ಪೂರ್ತಿ ನನ್ನ ತಲೇಲಿ ಅದೇ ಓಡ್ತಾ ಐತೆ. ಆಫೀಸಲ್ಲಿ ಕಾಲ್ ನಡೀತಿದ್ರೂ ಕಣ್ಮುಂದೆ ಆ ಮೂರು ಬೆರಳು.

ಮೊದಲು ನನಗೆ ಬಂದಿದ್ದು ಸಿಟ್ಟು, ಒಪ್ಕೋತೀನಿ. ಶಿಡ್ಲಘಟ್ಟದ ಗೂಡು ಮಾರ್ಕೆಟ್ ಅಲ್ಲಿಂದ ಎಷ್ಟು ದೂರ ಹೇಳಿ? ಸುತ್ತ ಹಳ್ಳಿಲೆಲ್ಲ ಹಿಪ್ಪುನೇರಳೆ ತೋಟ, ಅದರ ಮಧ್ಯ ಕೂತ್ಕೊಂಡು ಇದನ್ನ ಟ್ರೈಬಲ್ ಅಂತಾರಲ್ಲ. ಯಾವ ಟ್ರೈಬು? ನಮ್ಮಪ್ಪನ ಟ್ರೈಬಾ? ಹಿಂಗೇ ಕುದೀತಾ ಒಂದು ಪ್ಲೇಟ್ ಗೋಬಿ ಒಬ್ಬಳೇ ಖಾಲಿ ಮಾಡ್ದೆ.

ಆದ್ರೆ ಅಪ್ಪನಿಗೆ ಸಿಟ್ಟೇ ಬಂದಿರಲಿಲ್ಲ, ಅದೇ ನನಗೆ ತಲೆಗೆ ಹತ್ತಿರೋದು. ಅವರು ಕೇಳಿದ್ದು ಎರಡೇ ಪ್ರಶ್ನೆ. ಎಷ್ಟು ಕೊಟ್ರಿ, ಯಾರು ಹೆಣೆದಿದ್ದು. ಎಷ್ಟು ಅನ್ನೋದಕ್ಕೆ ಉತ್ತರ ಇತ್ತು, 9,000. ಯಾರು ಅನ್ನೋದಕ್ಕೆ ಹುಡುಗ "ಆನ್‌ಲೈನ್ ಅಂಕಲ್" ಅಂದ. ಅಪ್ಪ ತಲೆ ಆಡಿಸಿ ಬಂದು ಕೂತು, "ಯಾರೋ ಮೇದರೋನು ಹೆಣೆದವ್ನೆ, ಹುಳದ ಮನೆ ನೋಡ್ದೋನಲ್ಲ, ಆದ್ರೆ ಕಟ್ಟು ಬಿಗಿಯಾಗೈತೆ" ಅಂದ್ರು. ಅಷ್ಟೇ, ಆಮೇಲೆ ಬಿರಿಯಾನಿ ಕಡೆ ಗಮನ.

ನಮ್ಮನೇಲೇ ಒಂದು ಕಾಲಕ್ಕೆ ಅರವತ್ತು ಚಂದ್ರಂಕಿ ಇತ್ತು. ನೂರು ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟಿದ್ದೆಲ್ಲ ಸೇರಿ ನಮ್ ಕಡೆ ಒಂದು ಮೊಟ್ಟೆ ಲೆಕ್ಕ) ಮೂವತ್ತೈದು ನಲವತ್ತು ಬೇಕಾಗತ್ತೆ, ಒಂದೊಂದರಲ್ಲಿ ಸಾವಿರ ಚಿಲ್ಲರೆ ಹುಳ, ಸಾಲದಿದ್ರೆ ಪಕ್ಕದೂರಿಂದ ಬಾಡಿಗೆಗೆ ತರ್ತಿದ್ರು. ಹುಳ ಹಣ್ಣಾಯ್ತು ಅಂದ್ರೆ ಮದುವೆ ಮನೆ ಥರ, ಅಕ್ಕಪಕ್ಕದವರೆಲ್ಲ ಆರಿಸೋಕೆ ಬರೋರು, ಚಪ್ಪರದ ಕೆಳಗೆ ಚಂದ್ರಂಕಿ ಓರೆಯಾಗಿ ಸಾಲಾಗಿ ನಿಲ್ಲಿಸೋರು, ಹುಳ ನೂಲು ಬಿಡೋಕೆ ಮುಂಚೆ ಉಚ್ಚೆ ಹುಯ್ಯತ್ತೆ, ಆ ವಾಸನೆ ನಮ್ಮ ಸ್ಕೂಲ್ ಬ್ಯಾಗಿಗೂ ಹತ್ತಿರೋದು. ಗೂಡು ಬಿಡಿಸಿದ ಮೇಲೆ ಅಂಟಿರೋ ನೂಲಿನ ಜುಂಗನ್ನ ಬೆಂಕಿ ಆಡಿಸಿ ಸುಡೋರು, ನನ್ನ ಎಡಗೈ ಮೇಲಿರೋ ಮಚ್ಚೆ ಥರದ ಗುರುತು ಅದರದೇ. ಅಪ್ಪ ಮೂಸಿ ಹುಡುಕಿದ್ದು ಆ ಉಚ್ಚೆ ವಾಸನೆನ, ಸುಟ್ಟ ಬಿದಿರಿನ ವಾಸನೆನ. ಎಷ್ಟು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದ್ರೂ ಅದು ಹೋಗಲ್ಲ.

ಆ ಅರವತ್ತರಲ್ಲಿ ಐವತ್ತೊಂಬತ್ತನ್ನ ನೀರೊಲೆಗೆ ಹಾಕಿದ್ದು ನಾವೇ. ಚಂದ್ರಂಕಿ ಬದಲಿಗೆ ಪ್ಲಾಸ್ಟಿಕ್ ನೇತ್ರಿಕೆ ಬಂತು, ಮಡಿಚಿಟ್ರೆ ಮೂಲೇಲಿ ಕೂರತ್ತೆ, ತೊಳೆಯೋದು ಸುಲಭ. ಅಮ್ಮ ಎರಡು ಚಳಿಗಾಲ ಬಿಸಿನೀರು ಕಾಯಿಸಿದ್ಲು ಅದರಲ್ಲಿ. ಆಗ ಬೆಂಗಳೂರಲ್ಲಿದ್ದ ನಾನು ಒಂದು ಮಾತೂ ಆಡಿಲ್ಲ, ಈಗ ರೆಸಾರ್ಟಿನೋರ ಮೇಲೆ ರೇಗ್ತಿದೀನಿ. ನಮ್ಮ ಬುದ್ಧಿ ನೋಡಿ.

ಇದೇ ಹುಳದ ನೂಲಿಂದ ಬರೋ ಸೀರೆ ಕಥೆ ಬೇರೆ. ಮೈಸೂರು ಸಿಲ್ಕ್ ಅಂದ್ರೆ ನಾಲ್ವಡಿಯವರ ಕಾಲದ 1912ರ ಫ್ಯಾಕ್ಟರಿ, ಜಿಐ ಟ್ಯಾಗು, ಗಾಜಿನ ಶೋಕೇಸು, ಅಜ್ಜಿ ಸೀರೆ ಅಂತ ಬೀರುವಲ್ಲಿ ಸುತ್ತಿಡೋದು. ಅದನ್ನ ಪರಂಪರೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ರೆ ಆ ನೂಲು ಮೊದಲು ಸುತ್ತಿಕೊಂಡ ಜಾಗ ಈ ಚಂದ್ರಂಕಿ, ಇದಕ್ಕೆ ನೀರೊಲೆನೇ ಗತಿ. ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರಂಥ ಯಾರೋ ಒಬ್ಬರಿಗೆ ಮೊರ, ಒನಕೆ, ಕೊಳಗ ಎಲ್ಲ ಕೂಡಿಡಬೇಕು ಅನ್ನಿಸ್ತು, ಹಂಗಾಗಿ ಆ ಕಡೆ ಹೋದ್ರೆ ಮಕ್ಕಳಿಗೆ ತೋರಿಸೋಕೆ ಒಂದಷ್ಟು ಉಳಿದೈತೆ.

ಇನ್ನೊಂದು ವಿಷಯ. ಟಿಪ್ಪು ಕಾಲದಲ್ಲಿ, 1780ರ ದಶಕದಲ್ಲಿ, ಹುಳನ ಬಂಗಾಳದಿಂದ ತರಿಸಿದ್ದು ಅಂತ ಸ್ಕೂಲಲ್ಲೇ ಓದಿದ್ವಲ್ಲ. ಬಂಗಾಳದ ಕಡೆ ಈ ವಸ್ತುಗೆ ಈಗ್ಲೂ ಚಂದ್ರಕಿ ಅಂತಾರಂತೆ. ಚಂದ್ರಕಿ, ಚಂದ್ರಂಕಿ. ಬುಧವಾರ ಇದನ್ನ ಓದಿ ಬಸ್ಸಲ್ಲಿ ಸ್ಟಾಪ್ ಮಿಸ್ ಮಾಡ್ಕೊಂಡೆ. ಹುಳದ ಜೊತೆ ಹೆಸರೂ ಬಂದಿರಬೇಕು ಅನ್ನೋದು ನನ್ನ ಊಹೆ. ಅಕ್ಷರ ಬರದ ನಮ್ಮಜ್ಜಿ ದಿನಾ ಒಂದು ಬಂಗಾಳಿ ಮಾತಾಡ್ತಿದ್ಲೇನೋ, ಅವಳಿಗೂ ಗೊತ್ತಿರಲಿಲ್ಲ. ಈಗ ವಾಲ್ ಆರ್ಟ್ ಅಂತ ಕರೆದ್ರೆ ಆ ದಾರಿ ಅಲ್ಲಿಗೆ ಕಟ್. ಆದ್ರೆ ನಾವು ನೇತ್ರಿಕೆ ಅನ್ನೋಕೆ ಶುರು ಮಾಡ್ದಾಗ್ಲೂ ಕಟ್ ಆಗಿತ್ತು, ಏನ್ ಮಾಡೋದು.

ಮತ್ತೆ ಆ ಬೆರಳಿಗೇ ಬರ್ತೀನಿ. ಆ ಹುಡುಗ ನೋಡೋದು ಸುರುಳಿನ, ಅಪ್ಪ ನೋಡಿದ್ದು ಸುರುಳಿ ಮಧ್ಯದ ಖಾಲಿ ಜಾಗನ. ಒಂದು ಹುಳ ತನ್ನ ಪಾಡಿಗೆ ಕೂತು ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ಎಳೆ ಸುತ್ತೋಕೆ ಎಷ್ಟು ಜಾಗ ಬೇಕು ಅನ್ನೋ ಲೆಕ್ಕ ಅದು, ಎಲ್ಲೂ ಬರೆದಿಟ್ಟಿಲ್ಲ ಅಂತ ನಾನು ಹೇಳಲ್ಲ, ರೇಷ್ಮೆ ಇಲಾಖೆ ಪುಸ್ತಕದಲ್ಲಿ ಇದ್ದೇ ಇರತ್ತೆ. ಆದ್ರೆ ಗೋಡೆ ಮೇಲಿರೋದು ತಪ್ಪು ಅಂತ ಅರ್ಧ ನಿಮಿಷದಲ್ಲಿ ಹೇಳೋಕೆ ಆ ಹಾಲಲ್ಲಿ ಇದ್ದಿದ್ದು ಒಂದೇ ಕೈ.

ನಿನ್ನೆ ಊರಿಗೆ ಹೋಗಿದ್ದೆ. ಅರವತ್ತನೇದು ಹಿತ್ತಲಲ್ಲಿ ಕೋಳಿಗೂಡಿಗೆ ಬಾಗಿಲಾಗಿ ನಿಂತೈತೆ, ಒಂದು ಮೂಲೆ ಗೆದ್ದಲು ತಿಂದೈತೆ. ಕೂತ್ಕೊಂಡು ಮೂರು ಬೆರಳು ಇಟ್ಟೆ. ನನ್ನ ಬೆರಳು ಸಣ್ಣ, ಸ್ವಲ್ಪ ಜಾಗ ಉಳೀತು. ಅಪ್ಪನ್ನ ಕರೀಲಾ ಅಂತ ನೋಡ್ದೆ, ಹುಳ ನಾಲ್ಕನೇ ಜ್ವರದಿಂದ ಎದ್ದಿತ್ತು, ಅವರು ಕಡ್ಡಿ ಸೊಪ್ಪು ಹೊತ್ಕೊಂಡು ಓಡಾಡ್ತಿದ್ರು.

"ಅಲ್ಲೇನೇ ಮಾಡ್ತಿದೀಯ, ಕೋಳಿ ಪಿಕ್ಕೆ ಐತೆ ಅದರ ಮೇಲೆ, ಕೈ ತೊಳ್ಕೊಂಡ್ ಬಾ" ಅಂತ ಅಮ್ಮ ಒಳಗಿಂದ ಕೂಗಿದ್ಲು.